ತಿರುಗಿ ಹಾಕಿ

ಆ ಕಾರ್ಟೂನ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗೋಡೆಮ್ಮ ಎಂದೇ ಕರೆಯುತ್ತಿದ್ದರು. ಕಾರ್ಟೂನಿನಲ್ಲಿ ಪಾತ್ರಗಳು ಓಡುತ್ತವೆ, ಬೀಳುತ್ತವೆ, ಒಬ್ಬರ ತಲೆಗೆ ಒಬ್ಬರು ಬಡಿಯುತ್ತಾರೆ. ಅವರ ಹಿಂದೆ ತೆಪ್ಪಗೆ ನಿಂತಿರುವ ಗೋಡೆ, ಕಿಟಕಿ, ಮೋಡ, ನಕ್ಷತ್ರ ಎಲ್ಲವೂ ಇವಳ ಕೈಯದು. ಇಪ್ಪತ್ತಮೂರು ವರ್ಷ ಗೋಡೆ ಬರೆದವಳಿಗೆ ಬೇರೆ ಯಾವ ಹೆಸರು ಅಂಟಿಕೊಳ್ಳಬೇಕು ಹೇಳಿ. ಅವಳಿಗೂ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡು ಎಂದರೆ ನಾಲಿಗೆ ಒಣಗುವ ಸ್ವಭಾವ ಅವಳದು.

ಅಂಥವಳು ಜೀವಮಾನದಲ್ಲಿ ಒಂದೇ ಒಂದು ಸಲ ಗೋಡೆ ಬಿಟ್ಟು ಮನುಷ್ಯರ ಚಿತ್ರ ಬರೆದಳು. ಅದೇ ಅವಳ ಕೊರಳಿಗೆ ಸುತ್ತಿಕೊಂಡಿತು.

ಆರು ವರ್ಷದ ಹಿಂದಿನ ಮಾತು. ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಗೋಡೆಮ್ಮ ತನ್ನ ಅಕ್ಕನ ಸುದ್ದಿ ತೆಗೆದಳು. ಅಕ್ಕ ಕಾಲೇಜಿನಲ್ಲಿ ಗಣಿತದ ಪ್ರೊಫೆಸರು. ಆಕಾಶಕ್ಕೆ ಅಂಚು ಇದೆಯೇ, ಇಡೀ ವಿಶ್ವಕ್ಕೊಂದು ಆಕಾರ ಅಂತ ಇದ್ದರೆ ಅದು ಎಂಥದ್ದು, ಇದೇ ಅವಳ ಅಭ್ಯಾಸದ ವಿಷಯ. ಇಂಥವಳು ತರಕಾರಿ ತರಲು ಹೋಗಿದ್ದಾಳೆ. ಅಂಗಡಿಯವನು "ತಾಜಾ ಇದೆ ತಗೊಳ್ಳಮ್ಮ" ಅಂದಿದ್ದಾನೆ. ಅಕ್ಕ, "ತಾಜಾ ಅಂದ್ರೇನು? ಕಿತ್ತು ಎಷ್ಟು ಗಂಟೆಯವರೆಗೂ ತಾಜಾ? ಆಮೇಲೆ ಅದರ ಹೆಸರೇನು?" ಎಂದು ಹಿಡಿದುಕೊಂಡಿದ್ದಾಳೆ. ಪಾಪ, ಅವನು ಅವತ್ತಿನಿಂದ ಅಕ್ಕ ಬೀದಿಯ ತುದಿಯಲ್ಲಿ ಕಂಡರೆ ಸಾಕು, ತಕ್ಕಡಿ ಮಗನ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಾನಂತೆ.

ಡಬ್ಬಿಗಳ ಸುತ್ತ ಕೂತವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರಲ್ಲಿ ಕಾರ್ಟೂನಿಗೆ ಜೋಕು ಬರೆಯುವವನೂ ಇದ್ದ. ಸ್ಟುಡಿಯೋದಲ್ಲಿ ಅವನ ಹೆಸರು ನಗೆಗಾರ. ಬೇರೆಯವರನ್ನು ನಗಿಸುವುದೇ ಹೊಟ್ಟೆಪಾಡಾದ್ದರಿಂದ ಅವನು ನಗುವುದು ಅಪರೂಪ. ಅವತ್ತು ಅವನೂ ಕಣ್ಣೊರೆಸಿಕೊಂಡು, "ನಿಮ್ಮಕ್ಕ ನೋಡೋಕೆ ಹೇಗಿದ್ದಾರೆ ಗೋಡೆಮ್ಮ?" ಎಂದ. ಜನ ತನ್ನ ಮಾತಿಗೆ ನಕ್ಕ ಖುಷಿ ಅವಳಿಗೆ ಹೊಸದು. ತಲೆಗೇರಿತು. ಡಬ್ಬಿಗೆ ಸುತ್ತಿದ್ದ ಕಾಗದದ ಮೇಲೆ ಅರ್ಧ ನಿಮಿಷದಲ್ಲಿ ಗೀಚಿದಳು: ಓರೆ ಬೈತಲೆ, ದಾರ ಕಟ್ಟಿದ ಕನ್ನಡಕ, ಸೀರೆಯ ಮೇಲೆ ತೊಟ್ಟ ಕೋಟಿನ ಜೇಬಿನಲ್ಲಿ ಮೂರು ಪೆನ್ನು, ಎಡಗೆನ್ನೆಯ ಮೇಲೆ ಕಾಳಿನಷ್ಟು ದೊಡ್ಡ ಮಚ್ಚೆ.

ಮುಂದಿನ ತಿಂಗಳು ನಗೆಗಾರನ ಪೆನ್ನಿನಿಂದ ಆ ಹೆಂಗಸು ಕಾರ್ಟೂನಿನೊಳಗೆ ಹೊಕ್ಕಳು. ಅದು ಒಂದು ಲಟಾರಿ ಅಂತರಿಕ್ಷ ಹಡಗಿನ ಕಥೆ. ಆ ಹಡಗಿಗೆ ಒಬ್ಬ ಪುಕ್ಕಲು ಕ್ಯಾಪ್ಟನ್, ಮಾತಾಡುವ ಒಂದು ಟೀ ಕೆಟಲ್. ಹಡಗಿನ ಬುದ್ಧಿಯೆಲ್ಲ ಆ ಕೆಟಲಿನಲ್ಲಿ. ಯಾರಾದರೂ ತಪ್ಪು ಲೆಕ್ಕ ಹೇಳಿದರೆ ಅದು ಸೀಟಿ ಹೊಡೆಯುತ್ತದೆ. ಇವರ ಜೊತೆಗೆ ಈಗ ಪ್ರೊಫೆಸರಮ್ಮ ಬಂದಳು. ಎಲ್ಲದಕ್ಕೂ "ಅಂದ್ರೇನು?" ಎಂದು ತಲೆ ತಿನ್ನುವವಳು, ಲೆಕ್ಕ ಸರಿಯಾಗಿದ್ದೂ ಪ್ರತಿ ಕಂತಿನಲ್ಲೂ ಹಳ್ಳಕ್ಕೆ ಬೀಳುವವಳು. ಮಕ್ಕಳು ಬೀದಿಯಲ್ಲಿ ಕೆನ್ನೆಗೆ ಮಸಿ ಹಚ್ಚಿಕೊಂಡು "ಅಂದ್ರೇನು? ಅಂದ್ರೇನು?" ಎಂದು ಆಡತೊಡಗಿದರು. ಮಕ್ಕಳಿಗಿಂತ ಅವರ ಅಪ್ಪ ಅಮ್ಮಂದಿರೇ ಹೆಚ್ಚು ನೋಡುತ್ತಿದ್ದರು ಎನ್ನುವುದು ಬೇರೆ ಮಾತು.

ಅಕ್ಕ ಮಾತ್ರ ನೋಡಿರಲಿಲ್ಲ. ಅಕ್ಕ ತಂಗಿ ಇಬ್ಬರೇ ಇದ್ದ ಆ ಮನೆಯಲ್ಲಿ ಟಿವಿಯೇ ಇರಲಿಲ್ಲ. ಕಾರ್ಟೂನು ಎಂದರೆ ಹಾಲುಹಲ್ಲು ಬೀಳದವರ ವಿಷಯ ಎಂದು ಅಕ್ಕ ತೀರ್ಮಾನಿಸಿ ಎಷ್ಟೋ ವರ್ಷವಾಗಿತ್ತು. "ಇವತ್ತೇನು ಬರೆದೆ?" ಎಂದು ದಿನಾ ಕೇಳುತ್ತಿದ್ದಳು. "ಗೋಡೆ" ಎಂದು ಇವಳು ಹೇಳುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು.

ಗೋಡೆಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಹೋದಳು. ಆಗ ಅಕ್ಕನಿಗೆ ಹತ್ತೊಂಬತ್ತು. ಅವತ್ತಿನಿಂದ ತಂಗಿಯ ತಲೆ ಬಾಚಿದ್ದು, ಜ್ವರ ಬಂದರೆ ಒದ್ದೆ ಬಟ್ಟೆ ಹಾಕಿದ್ದು, ಗಣಿತ ಹತ್ತದ ಹುಡುಗಿ ಚಿತ್ರ ಕಲಿಯುತ್ತೇನೆ ಎಂದಾಗ ಮನೆಯವರೆಲ್ಲರ ಬಾಯಿ ಮುಚ್ಚಿಸಿದ್ದು ಎಲ್ಲ ಅಕ್ಕನೇ. ಆ ಅಕ್ಕನನ್ನು ತಾನು ಊರಿಗೆಲ್ಲ ನಗೆಪಾಟಲು ಮಾಡಿದ್ದೇನೆ ಎನ್ನುವುದು ನೆನಪಾದರೆ ಗೋಡೆಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. ಅಕ್ಕ ಬೈದರೆ ತಡೆದುಕೊಳ್ಳಬಹುದು. ಬೈಯದೆ, "ಹೌದಾ" ಎಂದಷ್ಟೇ ಹೇಳಿ ತನ್ನ ಪುಸ್ತಕಕ್ಕೆ ತಿರುಗಿಕೊಂಡರೆ? ಇನ್ನು ಮುಂದೆ ಇವಳ ಎದುರಿಗೆ ಬಾಯಿಬಿಟ್ಟು ಮಾತಾಡುವುದನ್ನೇ ನಿಲ್ಲಿಸಿದರೆ? ಗೋಡೆಮ್ಮನಿಗೆ ಈ ಭೂಮಿಯ ಮೇಲೆ ಮಾತಾಡಲು ಇದ್ದವಳು ಅವಳೊಬ್ಬಳೇ.

ಹೀಗಿರುವಾಗ ಒಂದು ಕಸದ ಚೀಲ ಅವಳ ನೆಮ್ಮದಿ ಕೆಡಿಸಿತು. ಒಂದು ಕಂತಿನಲ್ಲಿ ಕ್ಯಾಪ್ಟನ್, "ವಿಶ್ವಕ್ಕೆ ಅಂಚೇ ಇಲ್ವಾ? ಹಾಗಾದ್ರೆ ಕಸ ಎಲ್ಲಿ ಎಸೆಯೋದು?" ಎಂದು ಕೇಳುತ್ತಾನೆ. ಪ್ರೊಫೆಸರಮ್ಮ ಉತ್ತರ ಹೇಳುವಷ್ಟರಲ್ಲಿ ಚೀಲವನ್ನು ಹಡಗಿನ ಮುಂದಿನ ಕಿಟಕಿಯಿಂದ ಬಿಸಾಡುತ್ತಾನೆ. ವಿಶ್ವ ದುಂಡಗೆ ಸುತ್ತಿಕೊಂಡಿರುವುದರಿಂದ ಕಂತಿನ ಕೊನೆಗೆ ಅದೇ ಚೀಲ ಹಿಂದಿನಿಂದ ಬಂದು ಹಡಗಿಗೆ ಬಡಿಯುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಆದರೆ ಯಾವುದೋ ವಿಜ್ಞಾನ ಸಂಘದವರು ಚಾನೆಲಿಗೆ ನಾಲ್ಕು ಪುಟದ ದೂರು ಬರೆದರು. ಅಷ್ಟು ಸುತ್ತು ಬರಲು ಕಸಕ್ಕೆ ಕೋಟಿಗಟ್ಟಲೆ ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಹಡಗು ಎಲ್ಲಿರುತ್ತದೆ ಎಂಬುದು ಅವರ ತಕರಾರು. ಜೋಕಿಗೂ ಪುರಾವೆ ಕೇಳುವ ಕಾಲ. ಇನ್ನು ಮುಂದೆ ಪ್ರತಿ ಕಂತನ್ನೂ ವಿಷಯ ಬಲ್ಲವರು ನೋಡಿ ಒಪ್ಪಬೇಕು ಎಂದು ಚಾನೆಲಿನವರು ಪಟ್ಟು ಹಿಡಿದರು.

"ಇದಕ್ಯಾಕೆ ಇಷ್ಟು ಯೋಚನೆ? ನಮ್ಮ ಗೋಡೆಮ್ಮನ ಅಕ್ಕ ಇದ್ದಾರಲ್ಲ!" ಎಂದ ಡೈರೆಕ್ಟರ್.

ಗೋಡೆಮ್ಮ ತಡಬಡಿಸಿ ನೆಪ ಹುಡುಕಿದಳು. ಅಕ್ಕನಿಗೆ ಮಂಡಿನೋವು ಎಂದಳು. ಊರಲ್ಲಿಲ್ಲ ಎಂದಳು. ಒಂದೇ ಉಸಿರಿಗೆ ಎರಡೂ ಹೇಳಿದ್ದರಿಂದ ಯಾರೂ ಯಾವುದನ್ನೂ ನಂಬಲಿಲ್ಲ. ಡೈರೆಕ್ಟರ್ ತಾನೇ ಮನೆಗೆ ಫೋನ್ ಮಾಡಿಬಿಟ್ಟ.

ಸಂಜೆ ಅವಳು ಬಾಗಿಲು ತೆಗೆಯುವಷ್ಟರಲ್ಲಿ ಅಕ್ಕ ಎದುರಿಗೇ ನಿಂತಿದ್ದಳು. ನಿವೃತ್ತಿಯಾಗಿ ಐದು ವರ್ಷ. ಅಲ್ಲಿಂದ ಇಲ್ಲಿಯವರೆಗೆ ಒಂದು ನರಪಿಳ್ಳೆಯೂ ಅವಳನ್ನು ಏನನ್ನೂ ಕೇಳಿರಲಿಲ್ಲ. ಮೇಜಿನ ಮೇಲೆ ಹಳೆಯ ಟಿಪ್ಪಣಿಗಳೆಲ್ಲ ಹರಡಿಕೊಂಡಿದ್ದವು. "ವಿಶ್ವದ ಆಕಾರದ ಬಗ್ಗೆ ನನ್ನ ಅಭಿಪ್ರಾಯ ಬೇಕಂತೆ ಕಣೇ! ನೀನು ಒಂದು ಮಾತೂ ಹೇಳಲಿಲ್ಲವಲ್ಲ?" ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಗೋಡೆಮ್ಮ ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಧೈರ್ಯ ಮಾಡಿದಳು. "ಅಕ್ಕ, ಆ ಕಾರ್ಟೂನಲ್ಲಿ ಒಬ್ಬಳು ಪ್ರೊಫೆಸರ್ ಬರ್ತಾಳೆ..."

"ಪ್ರೊಫೆಸರ್ ಅಂದ್ರೇನು? ಕಾಲೇಜಲ್ಲಿ ಪಾಠ ಹೇಳೋಳಾ, ಸಂಶೋಧನೆ ಮಾಡೋಳಾ?" ಎಂದು ಅಕ್ಕ ಕನ್ನಡಕ ಏರಿಸಿದಳು.

ಇವಳು ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡಳು.

ಹನ್ನೊಂದು ಗಂಟೆಗೆ ಸ್ಟುಡಿಯೋದ ಸಣ್ಣ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಕ್ಕ ಒಳಗೆ ಕಾಲಿಟ್ಟದ್ದೇ ತಡ, ಅಲ್ಲಿದ್ದವರೆಲ್ಲ ಇಂಗು ತಿಂದ ಮಂಗಗಳ ಹಾಗೆ ಕಣ್ಣುಕಣ್ಣು ಬಿಟ್ಟರು. ಆರು ವರ್ಷ ತಾವು ಗೆರೆಗೆರೆಯಾಗಿ ಬರೆದ ಹೆಂಗಸು ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಜೀವಸಹಿತ ಬಂದು, "ನಮಸ್ಕಾರ, ನಾನೆಲ್ಲಿ ಕೂರಲಿ?" ಎಂದರೆ ಯಾರಿಗೆ ತಾನೇ ಮಾತು ಬಂದೀತು? ಕರೆಸಿದ್ದು ಎಂಥ ಎಡವಟ್ಟು ಎಂದು ಡೈರೆಕ್ಟರಿಗೆ ಆಗ ಹೊಳೆಯಿತು. ನಗೆಗಾರ ಹೋಗಿ ಕಂಬದ ಮರೆಯ ಕುರ್ಚಿ ಹಿಡಿದ. ಗೋಡೆಮ್ಮ ಅಕ್ಕನ ಪಕ್ಕದಲ್ಲಿ ಉಗುರು ಕಚ್ಚುತ್ತಾ ಕೂತಳು.

ಹೊಸ ಕಂತು ಶುರುವಾಯಿತು. ವಿಶ್ವ ಸುತ್ತಿಕೊಂಡಿದೆ, ನೇರ ಹೋದವರು ಹೊರಟಲ್ಲಿಗೇ ಬರುತ್ತಾರೆ ಎಂದು ಪ್ರೊಫೆಸರಮ್ಮ ವಾದಿಸುತ್ತಾಳೆ. "ನೇರ ಹೋಗೋದು ಅಂದ್ರೇನು?" ಎಂದು ತನ್ನನ್ನು ತಾನೇ ಕೇಳಿಕೊಂಡು ಅರ್ಧ ಗಂಟೆ ಉತ್ತರ ಹೇಳುತ್ತಾಳೆ. ಅಷ್ಟರಲ್ಲಿ ಕ್ಯಾಪ್ಟನ್ ನಿದ್ದೆ ಹೋಗಿರುತ್ತಾನೆ, ಕೆಟಲಿನ ನೀರು ಆರಿರುತ್ತದೆ.

ಅಕ್ಕ ಕಿಸಕ್ಕನೆ ನಕ್ಕಳು.

ಗೋಡೆಮ್ಮ ಬೆಚ್ಚಿಬಿದ್ದು ನೋಡಿದಳು. ಅಕ್ಕ ಬಾಯಿಗೆ ಕರ್ಚೀಫು ಒತ್ತಿಕೊಂಡು ಮೈ ಕುಲುಕಿಸಿ ನಗುತ್ತಿದ್ದಳು. "ಅಯ್ಯೋ, ಎಂಥಾ ಹೆಂಗಸೇ ಇವಳು! ಥೇಟ್ ನಮ್ಮ ವಿಭಾಗದ ಮುಖ್ಯಸ್ಥೆ. ಅವಳೂ ಹೀಗೇ, ಎಲ್ಲದಕ್ಕೂ ಅಂದ್ರೇನು ಅಂದ್ರೇನು ಅಂತ ಪ್ರಾಣ ಹಿಂಡ್ತಿದ್ಲು. ಇಂಥವರ ಜೊತೆ ಅದು ಹೇಗಪ್ಪಾ ಬಾಳೋದು ಅನ್ನಿಸ್ತಿತ್ತು."

ತನ್ನ ಬಾಯಿಂದ ದಿನಕ್ಕೆ ಐವತ್ತು ಸಲ ಉದುರುವ ಮಾತು ಅಕ್ಕನಿಗೆ ಗುರುತೇ ಹತ್ತಿರಲಿಲ್ಲ! ಮುಖವೂ ಅಷ್ಟೆ. ಫೋಟೋ ಎಂದರೆ ಮಾರು ದೂರ ಓಡುವವಳು ಅವಳು. ಗೋಡೆಮ್ಮನಿಗೆ ಹೋದ ಜೀವ ಬಂದಂತಾಯಿತು. ಬದುಕಿದೆ ಎಂದುಕೊಂಡಳು. ಅದರ ಬೆನ್ನಿಗೇ, ಅಕ್ಕ ಏನೂ ತಿಳಿಯದೆ ತನ್ನನ್ನೇ ನೋಡಿ ನಗುತ್ತಿದ್ದಾಳಲ್ಲ ಎಂದು ನಾಚಿಕೆಯೂ ಆಯಿತು.

ತೆರೆಯ ಮೇಲೆ ಪ್ರೊಫೆಸರಮ್ಮ ಹಡಗಿನ ಬಾಗಿಲಲ್ಲಿ ನೋಡುವವರಿಗೆ ಮುಖ ಕೊಟ್ಟು ನಿಂತು, "ಹೋಗಿ ಬರ್ತೀನಿ" ಎಂದು ತನ್ನ ಪುಟ್ಟ ಗಾಡಿ ಏರಿದಳು. ಅವಳ ಹಿಂದೆ ನಕ್ಷತ್ರಗಳ ಪಟ್ಟಿ ಹರಿಯಿತು. ಆ ಪಟ್ಟಿ ಗೋಡೆಮ್ಮನ ಮೂರು ವಾರದ ದುಡಿಮೆ. ಬಲತುದಿಯ ನಕ್ಷತ್ರಗಳು ಎಡತುದಿಯವಕ್ಕೆ ಸರಿಯಾಗಿ ಕೂಡುವಂತೆ ಬರೆದರೆ ಒಂದೇ ಪಟ್ಟಿಯನ್ನು ಎಷ್ಟು ಸುತ್ತು ಬೇಕಾದರೂ ಓಡಿಸಬಹುದು. ಮುಗಿಯದ ವಿಶ್ವದ ಬಗ್ಗೆ ಅಕ್ಕ ಒಮ್ಮೆ ಗಂಟೆಗಟ್ಟಲೆ ವಿವರಿಸಿದಾಗ ಇವಳು, "ಇಷ್ಟೇನಾ? ನಾವು ದಿನಾ ಮಾಡೋದೇ ಇದು" ಎಂದಿದ್ದಳು.

ಸುತ್ತು ಮುಗಿಯಿತು. ಪ್ರೊಫೆಸರಮ್ಮ ಹಿಂದಿನಿಂದ ಬಂದು ಗಾಡಿ ಇಳಿದು, ಮತ್ತೆ ಅದೇ ಬಾಗಿಲಲ್ಲಿ ಮುಖ ಕೊಟ್ಟು ನಿಂತಳು.

ಕೋಣೆಯಲ್ಲಿ ಗುಲ್ಲೆದ್ದಿತು. ಬೈತಲೆ ಆ ಪಕ್ಕದಿಂದ ಈ ಪಕ್ಕಕ್ಕೆ ಬಂದಿತ್ತು. ಪೆನ್ನಿನ ಜೇಬು ಬಲಗಡೆ. ಮಚ್ಚೆ ಬಲಗೆನ್ನೆಗೆ ಜಿಗಿದಿತ್ತು. ಹಡಗಿನ ಬಾಗಿಲ ಮೇಲಿನ ಅಕ್ಷರಗಳು ಕೂಡ ಹಿಂದುಮುಂದು.

"ನಿಲ್ಸಿ! ಯಾರದಿದು ಕೆಲಸ?" ಎಂದು ಡೈರೆಕ್ಟರ್ ಕೂಗಿದ. ಚಿತ್ರಗಳನ್ನು ಜೋಡಿಸುವವನು ಎದ್ದು ನಿಂತು ಒಂದು ಚೀಟಿ ತೆಗೆದು ತೋರಿಸಿದ. ಗೋಡೆಮ್ಮನ ಕೈಬರಹ. "ಮೊದಲಿನ ಬಾಗಿಲಿನ ಚಿತ್ರವನ್ನೇ ತಿರುಗಿ ಹಾಕಿ" ಎಂದಿತ್ತು.

"ತಿರುಗಿ ಹಾಕಿ ಅಂದ್ರೆ ಮತ್ತೊಂದು ಸಲ ಹಾಕಿ ಅಂತ ಕಣಪ್ಪ," ಎಂದಳು ಗೋಡೆಮ್ಮ.

"ನಾನು ತಿರುಗಿಸಿ ಹಾಕಿ ಅಂತ ತಿಳ್ಕೊಂಡೆ. ನೀವು ಅವಸರದಲ್ಲಿ ಒಂದು 'ಸಿ' ಬಿಟ್ಟಿದ್ದೀರಿ ಅಂದ್ಕೊಂಡೆ. ಅದಕ್ಕೇ ಎಡಬಲ ಮಗುಚಿದೆ," ಎಂದ ಅವನು. ಅವನ ಮುಖ ಹುಳ್ಳಗಾಗಿತ್ತು.

"ಇರದ 'ಸಿ'ಯನ್ನ ಓದೋಕೆ ನಿಂಗೆ ಯಾರು ಹೇಳಿದ್ರು? ಹೋಗ್ಲಿ, ಸರಿ ಮಾಡು. ಎರಡು ನಿಮಿಷದ ಕೆಲಸ," ಎಂದ ಡೈರೆಕ್ಟರ್.

ಆ ಗದ್ದಲದಲ್ಲಿ ಗೋಡೆಮ್ಮ ಪಕ್ಕಕ್ಕೆ ನೋಡಿದಳು. ಅಕ್ಕನ ನಗು ನಿಂತಿತ್ತು. ನಿಂತುಹೋದ ಚಿತ್ರವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ಕೈ ಮೆಲ್ಲಗೆ ಮೇಲೆದ್ದು ಕೆನ್ನೆಯ ಮಚ್ಚೆಯನ್ನು ಮುಟ್ಟಿತು.

ಗೋಡೆಮ್ಮನಿಗೆ ಆಗ ಅರ್ಥವಾಯಿತು. ಮನುಷ್ಯರು ತಮ್ಮ ಮುಖವನ್ನು ನೋಡುವುದು ಕನ್ನಡಿಯಲ್ಲಿ. ಅರವತ್ತೈದು ವರ್ಷ ಅಕ್ಕ ಕನ್ನಡಿಯ ಮುಂದೆ ನಿಂತು ಕಂಡ ಮುಖ ಇದೇ, ಎಡಬಲ ಅದಲುಬದಲಾದ ಈ ಮುಖ. ನೆಟ್ಟಗಿದ್ದಷ್ಟು ಹೊತ್ತು ಅವಳು ಯಾರೋ ಆಗಿದ್ದಳು. ಮಗುಚಿದ ಕೂಡಲೇ ತಾನಾಗಿದ್ದಳು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಗೋಡೆಮ್ಮನಿಗೆ.

ಅಕ್ಕ ಎದ್ದು ನಿಂತಳು. "ಸರಿ ಮಾಡಬೇಡಿ. ಇದು ತಪ್ಪಲ್ಲ," ಎಂದಳು.

ದನಿ ತಣ್ಣಗಿತ್ತು, ತರಗತಿಯಲ್ಲಿ ಇದ್ದಿರಬಹುದಾದ ದನಿ. "ಒಂದು ಪಾರದರ್ಶಕ ಹಾಳೆ ಕೊಡ್ತೀರಾ? ಕತ್ತರಿ, ಅಂಟು?" ಎಂದಳು. ಸ್ಟುಡಿಯೋದಲ್ಲಿ ಅದಕ್ಕೇನು ಬರ. ಅವಳು ಹಾಳೆಯಿಂದ ಉದ್ದನೆಯ ಪಟ್ಟಿ ಕತ್ತರಿಸಿದಳು. ಅದರ ಮೇಲೆ ಒಂದು ಮುಖ ಬರೆದಳು. ಯಾರತ್ತಲೂ ನೋಡದೆ ಆ ಮುಖದ ಒಂದು ಕೆನ್ನೆಗೆ ಮಚ್ಚೆ ಇಟ್ಟಳು. ಪಟ್ಟಿಯ ಎರಡು ತುದಿ ಕೂಡಿಸುವ ಮುಂಚೆ ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ ಅಂಟಿಸಿದಳು.

"ವಿಶ್ವ ಸುಮ್ಮನೆ ಸುತ್ತಿಕೊಂಡಿದ್ರೆ ಹೋದವರು ಹೋದ ಹಾಗೇ ಬರ್ತಾರೆ. ಹೀಗೆ ತಿರುಚಿಕೊಂಡು ಸುತ್ತಿದ್ರೆ?" ಮುಖದ ಮೇಲೆ ಬೆರಳಿಟ್ಟು ಪಟ್ಟಿಯುದ್ದಕ್ಕೂ ಒಂದು ಸುತ್ತು ಬಂದಳು. ಬೆರಳು ಮೊದಲಿನ ಜಾಗಕ್ಕೇ ಬಂತು, ಆದರೆ ಹಾಳೆಯ ಇನ್ನೊಂದು ಮೈಗೆ. ಅಲ್ಲಿಂದ ನೋಡಿದರೆ ಮಚ್ಚೆ ಇನ್ನೊಂದು ಕೆನ್ನೆಯಲ್ಲಿತ್ತು. "ಎಡಬಲ ಬದಲಾಗಿ ಬರ್ತಾರೆ. ಎದೆಯ ಬಡಿತ ಕೂಡ ಬಲಗಡೆಗೆ. ನಮ್ಮ ವಿಶ್ವ ಹೀಗಿದೆ ಅಂತ ನಾನು ಹೇಳ್ತಿಲ್ಲ. ಇರೋದಕ್ಕೆ ಗಣಿತದ ಅಡ್ಡಿ ಇಲ್ಲ ಅಂತಿದ್ದೀನಿ. ಎರಡೂ ಬೇರೆ ಬೇರೆ ಮಾತು."

ನಗೆಗಾರ ಕಂಬದ ಮರೆಯಿಂದ ಎದ್ದು ಬಂದ. "ಹಾಗಾದ್ರೆ ಮೇಡಂ, ಬಂದವಳಿಗೆ ತಾನು ಬದಲಾಗಿದ್ದು ಗೊತ್ತಾಗುತ್ತಾ?"

"ಇಲ್ಲ. ಅವಳಿಗೆ ತಾನು ಸರಿಯಾಗೇ ಇರ್ತಾಳೆ. ಮನೆಯಲ್ಲಿ ಬಿಟ್ಟುಹೋದವರೆಲ್ಲ ತಿರುಗಿ ನಿಂತ ಹಾಗೆ ಕಾಣ್ತಾರೆ."

ಡೈರೆಕ್ಟರ್ ಕುಣಿಯುವುದೊಂದು ಬಾಕಿ. ಪುಕ್ಕಟೆಯಾಗಿ ಜೋಕು ಸಿಕ್ಕಿತ್ತು, ಅದೂ ಒಪ್ಪಿಗೆಯ ಮುದ್ರೆ ಸಮೇತ. "ಯಾರಮ್ಮ ನೀನು?" ಎಂದು ಕ್ಯಾಪ್ಟನ್ ಕೇಳುವುದು, "ನಾನೇ" ಎಂದು ಅವಳು ಹೇಳುವುದು, "ನಾನೇ ಅಂದ್ರೇನು?" ಎಂದು ಕೆಟಲ್ ಅವಳಿಗೇ ತಿರುಗಿಸಿ ಕೊಡುವುದು, ಎಲ್ಲವನ್ನೂ ನಗೆಗಾರ ಅಲ್ಲೇ ಬರೆದುಕೊಂಡ. ಅಕ್ಕ ಒಪ್ಪಿಗೆಯ ಕಾಗದಕ್ಕೆ ಮೂರು ಪೆನ್ನುಗಳಲ್ಲಿ ಒಂದನ್ನು ಆರಿಸಿ ಸಹಿ ಹಾಕಿದಳು.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದು ಬಂದರು. ಮಧ್ಯಾಹ್ನದ ಬಿಸಿಲು. ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕ ಬೆಂಚಿನ ಧೂಳು ಒರೆಸಿ ಕೂತಳು. ಗೋಡೆಮ್ಮನಿಗೆ ಕೂರಲಾಗಲಿಲ್ಲ.

"ಅಕ್ಕ, ಅವಳನ್ನ ಬರೆದಿದ್ದು ನಾನೇ," ಎಂದಳು. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲವೂ ಬಂತು. ಊಟದ ಡಬ್ಬಿ, ತರಕಾರಿಯವನು, ಕಾಗದದ ಮೇಲಿನ ಗೀಚು, ಆರು ವರ್ಷ ಬಾಯಿಗೆ ಹಾಕಿಕೊಂಡ ಬೀಗ. "ಜನ ನನ್ನ ಮಾತಿಗೆ ನಕ್ಕಿದ್ದು ಅದೇ ಮೊದಲು. ಅದಕ್ಕೆ ನಿನ್ನನ್ನ ಕೊಟ್ಟುಬಿಟ್ಟೆ. ತಪ್ಪಾಯ್ತು ಅಕ್ಕ. ಬೈದುಬಿಡು."

ಅಕ್ಕ ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಆ ಹಡಗಲ್ಲಿ ಅವಳ ಜೊತೆ ಯಾರ್ಯಾರು ಇದ್ದಾರೆ?" ಎಂದು ಕೇಳಿದಳು.

"ಕ್ಯಾಪ್ಟನ್ ಇದ್ದಾನೆ. ಕೆಟಲ್ ಇದೆ."

"ಅಷ್ಟೇನಾ?"

"ಅಷ್ಟೇ."

"ಆರು ವರ್ಷ ಆಯ್ತು ಅಂದೆ. ಒಂದು ಕಂತಲ್ಲಾದ್ರೂ ಅವಳಿಗೊಬ್ಬಳು ತಂಗಿ ಅಂತ ಬಂದಿದ್ದಾಳಾ?"

"ಇಲ್ಲ ಅಕ್ಕ."

"ಒಂದು ಫೋನು? ಒಂದು ಕಾಗದ?"

ಗೋಡೆಮ್ಮ ಇಲ್ಲವೆಂದು ತಲೆಯಾಡಿಸಿದಳು.

"ನಕ್ಕಿದ್ದಕ್ಕೆ ನಂಗೇನೂ ಇಲ್ಲ ಕಣೇ. ನಾನೂ ನಕ್ಕೆನಲ್ಲ," ಎಂದಳು ಅಕ್ಕ. "ಆದ್ರೆ ಅಷ್ಟು ದೂರ ನನ್ನನ್ನ ಒಬ್ಬಳನ್ನೇ ಕಳಿಸಿಬಿಟ್ಯಲ್ಲೇ."

ಯಾಕೆ ಗೇಲಿ ಮಾಡಿದೆ ಎಂದರೆ ಇದು, ಯಾಕೆ ಬಚ್ಚಿಟ್ಟೆ ಎಂದರೆ ಅದು ಎಂದು ಗೋಡೆಮ್ಮ ಆರು ವರ್ಷದಿಂದ ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಇಂಥ ಮಾತು ಬರುತ್ತದೆಂದು ಎಣಿಸಿರಲಿಲ್ಲ. ಅಲ್ಲೇ ನಿಂತು, ಒಂಬತ್ತು ವರ್ಷದ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಕನ್ನಡಕ ಹಾಕಿಕೊಂಡಳು. ಆಮೇಲೆ ತನ್ನ ಕರ್ಚೀಫನ್ನು ಇವಳ ಕೈಗೆ ತುರುಕಿ, "ನಡಿ, ಬಸ್ ಬಂತು," ಎಂದಳು.